ವಾರಕ್ಕೊಂದು ಇಟ್ಟಿಗೆ ಸಾಲು

ಅಲೆಕ್ಸಾಂಡ್ರಿಯಾದ ಟ್ರಾಮ್ ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವುದು ಬಸ್ಯೂನಿಯ ಕೆಲಸ. ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಬುಟ್ಟಿಯ ಸಮೇತ ಜೀವಂತ ಬಾತುಕೋಳಿ, ಎಲ್ಲವನ್ನೂ ಕಪಾಟಿನಲ್ಲಿ ಜೋಡಿಸಿಟ್ಟು, ಕೇಳಿಕೊಂಡು ಬಂದವರನ್ನು ಕಳ್ಳರ ಹಾಗೆ ನೋಡುವುದರಲ್ಲಿ ಅವನ ತಲೆಗೂದಲು ನರೆತಿತ್ತು. ಈ ಕೆಲಸದ ಹತ್ತಿರಕ್ಕೂ ಗಣಿತ ಸುಳಿಯುತ್ತಿರಲಿಲ್ಲ. ಹಾಗಿದ್ದೂ ಅವನು ಒಂದು ಶುಕ್ರವಾರ ಮಧ್ಯಾಹ್ನ ಭಾವಮೈದನ ಮನೆಯಲ್ಲಿ, ಬಾಯಿತುಂಬ ಮೀನು ಇಟ್ಟುಕೊಂಡು, ತನ್ನನ್ನು ತಾನೇ ಗಣಿತದ ಮೇಷ್ಟ್ರಾಗಿ ನೇಮಿಸಿಕೊಂಡುಬಿಟ್ಟ.

ಶುರು ಮಾಡಿದವನು ಭಾವಮೈದ ಶಫೀಕ್. "ನಮ್ಮ ಹುಡುಗನಿಗೆ ಮನೆಪಾಠಕ್ಕೆ ಮೇಷ್ಟ್ರನ್ನ ಗೊತ್ತು ಮಾಡಿದ್ದೀನಿ ಭಾವ. ಕಾರಲ್ಲೇ ಬರ್ತಾರೆ, ಕಾರಲ್ಲೇ ಹೋಗ್ತಾರೆ. ನಿಮ್ಮ ರಾವಿಯಾಗೆ ಯಾರು ಹೇಳ್ಕೊಡ್ತಾರೆ?"

"ಯಾಕಪ್ಪ, ನಾನಿಲ್ವ?" ಅಂದ ಬಸ್ಯೂನಿ.

ಅವನ ಹೆಂಡತಿ ಇನ್ಶಿರಾ ಅನ್ನಕ್ಕೆ ಹಾಕಿದ್ದ ಚಮಚವನ್ನು ಅಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದಳು. ಮಗಳು ರಾವಿಯಾ ತಟ್ಟೆ ನೋಡಿಕೊಂಡಳು. ಶಫೀಕ್ ನಗಲಿಲ್ಲ. ನಕ್ಕಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವನು ಬಹಳ ಮರ್ಯಾದೆಯಿಂದ "ಓಹೋ" ಅಂದ. ಆ "ಓಹೋ" ಬಸ್ಯೂನಿಯ ಎದೆಗೆ ನಾಟಿತು.

ಮಾರನೆಯ ಸಂಜೆ ರಾವಿಯಾ ಪುಸ್ತಕ ಹಿಡಿದುಕೊಂಡು ಬಂದು ಎದುರಿಗೆ ಕೂತಳು.

"ಬಾಬಾ, ಗೆರೆಯ ಓರೆ ಅಂದ್ರೇನು?"

"ಓರೆ ಇರೋದು ಕಟ್ಟಡಕ್ಕೆ. ಗೆರೆಗೆ ಎಲ್ಲಿಂದ ಬಂತು?"

"ಪುಸ್ತಕದಲ್ಲಿದೆ."

"ಹಾಗಾದ್ರೆ ಗಟ್ಟಿಯಾಗಿ ಓದು. ತಪ್ಪಿದ್ರೆ ತಿದ್ತೀನಿ."

ರಾವಿಯಾ ಓದಿದಳು. ಒಂದು ಹೆಚ್ಚುತ್ತಾ ಹೋದ ಹಾಗೆ ಇನ್ನೊಂದು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎನ್ನುವುದೇ ಗೆರೆಯ ಓರೆ. ತೊಟ್ಟಿಯಿಂದ ನೀರು ಸೋರುತ್ತಿದ್ದರೆ ಗಂಟೆಗೆ ಎಷ್ಟು ನೀರು ಕಡಿಮೆಯಾಯಿತು ಎಂದು ಓರೆ ಹೇಳುತ್ತದೆ. ಮೇಣದ ಬತ್ತಿ ಉರಿಯುತ್ತಿದ್ದರೆ ಎಷ್ಟು ಬೇಗ ಕರಗಿತು ಎಂದು ಹೇಳುತ್ತದೆ. ಕೊನೆಯಲ್ಲಿ ಮನೆಗೆಲಸ: ನಿಮ್ಮ ಸುತ್ತಮುತ್ತಲಿನ ಒಂದು ಉದಾಹರಣೆ ಆರಿಸಿ, ಅಳೆದು, ಗೆರೆ ಎಳೆದು, ಓರೆ ಏನನ್ನು ಹೇಳುತ್ತದೆ ಎಂದು ವಿವರಿಸಿ.

ಬಸ್ಯೂನಿ ಗಂಭೀರವಾಗಿ ತಲೆದೂಗಿದ. ಅರ್ಥವಾದವರೂ ಹಾಗೇ ತೂಗುತ್ತಾರೆ, ಆಗದವರೂ ಹಾಗೇ ತೂಗುತ್ತಾರೆ. ಉದಾಹರಣೆ ಹುಡುಕಲು ಅವನು ಕಿಟಕಿಯ ಬಳಿ ಹೋದ.

ಅವರದು ಮೂರನೆಯ ಮಹಡಿ. ಇಕ್ಕಟ್ಟಾದ ಓಣಿಯ ಆಚೆಗೆ, ಅಷ್ಟೇ ಎತ್ತರದಲ್ಲಿ, ವಿಧವೆ ದವ್ಲತ್ ಅವರ ಮನೆ. ಎರಡು ಕಿಟಕಿಗಳಿಗೂ ರಾಟೆ ಬಿಗಿದು ನಡುವೆ ಒಂದು ಬಟ್ಟೆ ಹಗ್ಗ ಎಳೆದಿದ್ದರು. ಇನ್ಶಿರಾ ಈ ಕಡೆಯಿಂದ ಒಣಹಾಕುತ್ತಿದ್ದಳು, ದವ್ಲತ್ ಆ ಕಡೆಯಿಂದ. ಹಗ್ಗ ತಂದವರು ದವ್ಲತ್, ಚಳಿಗಾಲದ ಶುರುವಿನಲ್ಲಿ, ಹೊಸದು. ಇತ್ತೀಚೆಗೆ ದವ್ಲತ್ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದರಿಂದ ಹಗ್ಗಕ್ಕೆ ಬಿಡುವೇ ಇರಲಿಲ್ಲ.

"ಈ ಹಗ್ಗ ಮೊದಲು ಇಷ್ಟು ಜೋತುಬಿದ್ದಿರಲಿಲ್ಲ ಅಲ್ವಾ?" ಅಂದ ಬಸ್ಯೂನಿ.

"ಇರಲಿಲ್ಲ ಬಾಬಾ."

"ಅಳೆಯೋಣ."

ಎದುರು ಗೋಡೆಯ ಗಾರೆ ಉದುರಿ ಇಟ್ಟಿಗೆ ಸಾಲುಗಳು ಕಾಣುತ್ತಿದ್ದವು. ಬಸ್ಯೂನಿ ಹಗ್ಗಕ್ಕೆ ಒಂದು ಕೆಂಪು ಕ್ಲಿಪ್ ಸಿಕ್ಕಿಸಿದ. ದಿನಾ ಬೆಳಿಗ್ಗೆ, ಬಟ್ಟೆ ಹಾಕುವ ಮೊದಲು, ಅದನ್ನು ನಟ್ಟನಡುವಿಗೆ ಎಳೆದು, ಕಿಟಕಿಯ ಚೌಕಟ್ಟಿಗೆ ಗದ್ದ ಊರಿ, ಅದು ಎದುರಿನ ಎಷ್ಟನೆಯ ಇಟ್ಟಿಗೆಯ ನೇರಕ್ಕೆ ಕಾಣುತ್ತದೆ ಎಂದು ನೋಡಿದ. ಮಗಳು ಚುಕ್ಕೆ ಇಟ್ಟಳು. ಸ್ವಲ್ಪ ದಿನಕ್ಕೆ ಚುಕ್ಕೆಗಳೆಲ್ಲ ಒಂದರ ಹಿಂದೊಂದು ಸಾಲುಗಟ್ಟಿ ಕೆಳಗಿಳಿದವು. ಅಡಿಕೋಲು ಇಟ್ಟು ಎಳೆದರೆ ಚೊಕ್ಕವಾದ ನೇರ ಗೆರೆ.

"ವಾರಕ್ಕೊಂದು ಇಟ್ಟಿಗೆ ಸಾಲು ಇಳೀತಿದೆ. ಇದೇ ಓರೆ," ಅಂದಳು ರಾವಿಯಾ ಖುಷಿಯಿಂದ.

"ಅದು ಸರಿ. ಆದರೆ ಆ ಓರೆ ಏನು ಹೇಳುತ್ತೆ?"

"ಹಗ್ಗ ಇಳೀತಿದೆ ಅಂತ."

ಬಸ್ಯೂನಿ ಕರುಣೆಯಿಂದ ನಕ್ಕ. "ಅದು ಕಣ್ಣಿಗೇ ಕಾಣುತ್ತಲ್ಲ ಮಗಳೇ. ಗಣಿತ ಯಾಕೆ ಬೇಕು? ಕಾಣದೇ ಇರೋದನ್ನ ಹೇಳೋದಕ್ಕೆ ಗಣಿತ ಇರೋದು. ನೀನೇ ಯೋಚನೆ ಮಾಡು. ಎರಡು ಕೈಯಲ್ಲಿ ಹಗ್ಗ ಹಿಡ್ಕೊಂಡು ಕೈ ಹತ್ತಿರ ತಂದ್ರೆ ಏನಾಗುತ್ತೆ?"

"ಜೋತು ಬೀಳುತ್ತೆ."

"ಹಾಗಾದ್ರೆ?"

ರಾವಿಯಾ ಈ ಕಡೆಯ ಗೋಡೆ ನೋಡಿದಳು, ಆ ಕಡೆಯ ಗೋಡೆ ನೋಡಿದಳು. ಅವಳ ಕೈಯಲ್ಲಿದ್ದ ಅಡಿಕೋಲು ಮೆಲ್ಲಗೆ ಕೆಳಗಿಳಿಯಿತು.

ಓರೆಯಾಗಿ ವಾಲಿಕೊಂಡ ಕಟ್ಟಡ ಆ ಊರಿನಲ್ಲಿ ಯಾರಿಗೂ ಹೊಸದಲ್ಲ. ಸಮುದ್ರದ ಗಾಳಿ, ಕೆಳಗೆ ಮರಳು, ಮೇಲೆ ಲಂಗುಲಗಾಮಿಲ್ಲದೆ ಏರಿಸಿದ ಮಹಡಿಗಳು. ಆದರೆ ತನ್ನ ಮನೆ ಯಾವ ವೇಗದಲ್ಲಿ ಬೀಳುತ್ತಿದೆ ಎಂದು ಲೆಕ್ಕ ಹಾಕಿದ ಮೊದಲಿಗ ಬಸ್ಯೂನಿಯೇ ಇರಬೇಕು. ಅವನಿಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ರಾತ್ರಿ ಊಟಕ್ಕೆ ಕೂತಾಗ ಇನ್ಶಿರಾಗೆ ಗೆರೆ ತೋರಿಸಿದ. ಅದನ್ನು ಮುಂದಕ್ಕೆ ಎಳೆದು, ಬೇಸಿಗೆ ಮುಗಿಯುವ ಹೊತ್ತಿಗೆ ಕೆಂಪು ಕ್ಲಿಪ್ ಕೆಳಗಿನ ಗಾಬಿರನ ಕಾಫಿ ಅಂಗಡಿಯ ನೆರಳುಬಟ್ಟೆಗೆ ತಾಗುತ್ತದೆ ಎಂದ. ಉತ್ಸಾಹದಲ್ಲಿ ಗೆರೆಯನ್ನು ಹಿಂದಕ್ಕೂ ಎಳೆದ.

"ಬಾಬಾ, ಹಿಂದಕ್ಕೆ ಎಳೆದ್ರೆ ನಿಮ್ಮ ಮದುವೆ ಹೊತ್ತಿಗೆ ದವ್ಲತ್ ಅತ್ತೆ ಮನೆ ಸಮುದ್ರದೊಳಗೆ ಇರಬೇಕಾಗುತ್ತೆ," ಅಂದಳು ರಾವಿಯಾ.

ಬಸ್ಯೂನಿ ಅರೆಗಳಿಗೆ ಯೋಚಿಸಿದ. "ಆಗ ಸಮುದ್ರ ಇಷ್ಟು ಮುಂದೆ ಬಂದಿರಲಿಲ್ಲ," ಅಂದ.

ಇನ್ಶಿರಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದಳು. "ಅದೆಲ್ಲ ಇರಲಿ ರಾವಿಯಾ ಅಪ್ಪ, ವಾಲ್ತಿರೋದು ಯಾರ ಮನೆ? ನಮ್ಮದಾ, ಅವರದಾ?"

ಗೆರೆಯಲ್ಲಿ ಆ ವಿಷಯ ಇರಲಿಲ್ಲ. ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಬಸ್ಯೂನಿ, "ನಮ್ಮ ಗೋಡೆ ಗಟ್ಟಿಯಾಗಿದೆ," ಅಂದ.

ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಇನ್ಶಿರಾ ಕಿಟಕಿಗೆ ಬಂದು ಬಹಳ ಅಕ್ಕರೆಯ ದನಿಯಲ್ಲಿ ಕೂಗಿದಳು. "ದವ್ಲತ್ ಅಕ್ಕಾ, ಮಗು ಹೇಗಿದೆ? ಬಾಣಂತಿ ಹುಷಾರಾ? ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ನಮ್ಮ ಮೇಲೆ ಬೀಳ್ತಾ ಇದೆ."

ದವ್ಲತ್ ಒದ್ದೆ ಬಟ್ಟೆಯನ್ನು ಇನ್ನೊಂದು ಸುತ್ತು ಹಿಂಡಿದರು. "ಯಾರಮ್ಮ ಹೇಳಿದ್ದು?"

"ನಮ್ಮವರು ಲೆಕ್ಕ ಹಾಕಿದ್ದಾರೆ."

"ಕೊಡೆ ಕಾಯೋ ನಿನ್ನ ಗಂಡಾನಾ? ನಮ್ಮ ಕಟ್ಟಡ ಕಟ್ಟಿದ್ದು ಇಟಲಿಯವರು. ನಿಮ್ಮದು ಯಾರು ಕಟ್ಟಿದ್ದೋ, ಕಟ್ಟಿದವರಿಗೇ ನೆನಪಿಲ್ಲ. ಬೀಳ್ತಾ ಇದ್ರೆ ನೀವು ಬೀಳ್ತಾ ಇದ್ದೀರಿ. ನಾವಾಗಿದ್ದಕ್ಕೆ ಇಷ್ಟು ದಿನ ಸುಮ್ಮನೆ ಇದ್ವಿ."

ಮಧ್ಯಾಹ್ನದೊಳಗೆ ಓಣಿ ಎರಡು ಪಕ್ಷವಾಯಿತು. ಈ ಸಾಲಿನವರು ಆ ಸಾಲಿನವರನ್ನು ಮುಖ ಗಂಟಿಕ್ಕಿ ನೋಡಿದರು, ಆ ಸಾಲಿನವರು ಇವರ ಮನೆ ಮುಂದೆ ನಡೆಯುವಾಗ ತಲೆಯ ಮೇಲೆ ಕೈ ಇಟ್ಟುಕೊಂಡರು. ಕೆಳಗೆ ಗಾಬಿರನಿಗೆ ಕುರ್ಚಿ ಎಲ್ಲಿ ಹಾಕುವುದೆಂದೇ ತಿಳಿಯದಾಯಿತು. ಈ ಗೋಡೆಗೆ ಹಾಕಿದರೆ ಆ ಕಡೆಯವರು ಕಾಫಿ ಕುಡಿಯಲು ಬರಲಿಲ್ಲ, ಆ ಗೋಡೆಗೆ ಹಾಕಿದರೆ ಈ ಕಡೆಯವರು ಬರಲಿಲ್ಲ. ಕೊನೆಗೆ ಓಣಿಯ ನಟ್ಟನಡುವೆ ಸಾಲಾಗಿ ಇಟ್ಟ. ಅಲ್ಲಿ ಕೂತವರು ಎರಡು ಕಡೆಯಿಂದಲೂ ಬೀಳಬಹುದಾದದ್ದನ್ನು ನೋಡುತ್ತಾ ಒಂದು ಕಾಫಿಗೆ ಬಂದವರು ಎರಡು ಕುಡಿದು ಹೋದರು.

"ಉಸ್ತಾದ್ ಬಸ್ಯೂನಿ, ಇವತ್ತು ಎಷ್ಟು?" ಎಂದು ಅವನು ಡಿಪೋದಿಂದ ಬರುತ್ತಿದ್ದಂತೆ ಕೇಳುವುದು ಶುರುವಾಯಿತು. ಬಸ್ಯೂನಿ ಎಂದೂ ಉಸ್ತಾದ್ ಆಗಿರಲಿಲ್ಲ. ಆದರೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಉತ್ತರ ಹೇಳುವುದು ಅವನಿಗೆ ಬೇಗ ಒಗ್ಗಿತು. "ಓರೆ ಹಾಗೇ ಇದೆ. ವಾರಕ್ಕೊಂದು ಸಾಲು. ಗಾಬರಿ ಬೇಡ, ಬೀಳೋ ಮೊದಲು ಹೇಳ್ತೀನಿ."

ಸುದ್ದಿ ಶಫೀಕನಿಗೂ ಮುಟ್ಟಿತು. ಅಕ್ಕನನ್ನು ಕಾಪಾಡಲು ಅವನು ಬಾಡಿಗೆ ಲಾರಿ ತಂದ. ಅಕ್ಕ ಬರುವುದಿಲ್ಲ ಎಂದಳು, "ನಾನು ಹೋದ್ರೆ ದವ್ಲತ್ ಗೆದ್ದ ಹಾಗಾಗುತ್ತೆ." ಬಂದ ಲಾರಿ ಸುಮ್ಮನೆ ಹೋಗಬಾರದೆಂದು ಶಫೀಕ್ ಅವಳ ಫ್ರಿಜ್ಜನ್ನೂ ಸೋಫಾವನ್ನೂ ಕಾಪಾಡಿಕೊಂಡು ಹೋದ. ಹೋಗುವಾಗ ದಾರಿಯಲ್ಲಿ ಬಡಾವಣೆ ಕಚೇರಿಯಲ್ಲಿ ಇಳಿದು, ತನಗೆ ಪರಿಚಯದ ಒಬ್ಬರಿಗೆ ವಿಷಯ ತಿಳಿಸಿದ.

ಹೀಗೆ ಇಂಜಿನಿಯರ್ ರಿಫಾತ್ ಬೇ ಓಣಿಗೆ ಬಂದರು. ಬಂದವರು ಮೆಟ್ಟಿಲು ಹತ್ತುವಾಗ ಮುರಿದ ಕಲ್ಲಿಗೆ ಕಾಲು ಕೊಟ್ಟು ಮಂಡಿ ತರಚಿಕೊಂಡರು. ಕಚೇರಿಯ ಅಳತೆ ಉಪಕರಣ ರಿಪೇರಿಗೆ ಹೋಗಿದ್ದರಿಂದ ಜೇಬಿನಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ತೆಗೆದು ಕಿಟಕಿಯಿಂದ ಇಳಿಬಿಟ್ಟರು. ಸಮುದ್ರದ ಗಾಳಿಗೆ ಗುಂಡು ಗಡಿಯಾರದ ಲೋಲಕದ ಹಾಗೆ ತೂಗಿ, ಕೆಳಗಿನ ಮನೆಯವರ ಪಾರಿವಾಳದ ಗೂಡಿಗೆ ಎರಡು ಸಲ ಬಡಿಯಿತು.

ರಿಫಾತ್ ಬೇ ಕಷ್ಟ ದೊಡ್ಡದು. ಅಪಾಯವಿಲ್ಲ ಎಂದು ಬರೆದು ನಾಳೆ ಬಿದ್ದರೆ ಅವರ ತಲೆಗೆ ಬರುತ್ತದೆ. ಅಪಾಯವಿದೆ ಎಂದು ಬರೆದರೆ ಎರಡು ಕಟ್ಟಡದ ಜನರಿಗೂ ಇರಲು ಜಾಗ ಹುಡುಕಬೇಕು. ಅವರು ಗೆರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಮಾಡಿದ್ದು ನೀವಾ?"

"ನಾನೇ. ಮಗಳು ಚುಕ್ಕೆ ಇಡ್ತಾಳೆ."

"ದಿನಾ ಅಳೀತೀರಾ?"

"ಹಬ್ಬದ ದಿನಾನೂ ಬಿಡಲ್ಲ."

ರಿಫಾತ್ ಬೇ ಮುಖದಲ್ಲಿ ಬೆಳಕು ಬಂತು. "ಸರಿ. ಕಟ್ಟಡ ಗಮನದಲ್ಲಿದೆ ಅಂತ ಬರೀತೀನಿ. ಗಮನಿಸೋರು ನೀವು. ಓರೆ ಹೆಚ್ಚಾದ್ರೆ ತಕ್ಷಣ ನನಗೆ ಹೇಳಿ. ಮಾಲೀಕರಿಗೆ ನಾನೇ ನೋಟಿಸ್ ಕಳಿಸ್ತೀನಿ."

ಎರಡು ಕಟ್ಟಡಕ್ಕೂ ಮಾಲೀಕ ಒಬ್ಬನೇ, ಹಾಜಿ ಮಿತ್ವಲ್ಲಿ. ತಿಂಗಳ ಮೊದಲನೆಯ ದಿನ ಬಿಟ್ಟರೆ ಅವನ ಮುಖ ಓಣಿಯವರಿಗೆ ಕಾಣುತ್ತಿರಲಿಲ್ಲ. ಮೆಟ್ಟಿಲು ಮುರಿದಿದೆ ಎಂದರೆ "ನೋಡೋಣ" ಅನ್ನುತ್ತಿದ್ದ, ನೀರೆತ್ತುವ ಪಂಪು ಕೆಟ್ಟಿದೆ ಎಂದರೆ "ದೇವರಿದ್ದಾನೆ" ಅನ್ನುತ್ತಿದ್ದ, ಚಳಿಗಾಲದ ಮಳೆ ಛಾವಣಿಯಿಂದ ನೇರವಾಗಿ ದವ್ಲತ್ ಮಂಚಕ್ಕೆ ಸುರಿಯುತ್ತದೆ ಎಂದರೆ ಮಂಚ ಸರಿಸಿ ಅನ್ನುತ್ತಿದ್ದ. ಈಗ ಕಚೇರಿಯ ನೋಟಿಸ್ ಕೈಗೆ ಬಂದ ಮರುದಿನವೇ ಬೆವರೊರೆಸಿಕೊಳ್ಳುತ್ತಾ ಓಡಿಬಂದ.

"ಏನು ಮಾಡಿದ್ರೆ ನಿಲ್ಲುತ್ತೆ ಉಸ್ತಾದ್ ಬಸ್ಯೂನಿ?"

ಯಾರಾದರೂ ತನ್ನನ್ನು ಕೇಳಿದರೆ ಸಾಕು, ಬಸ್ಯೂನಿಯ ಬಳಿ ಉತ್ತರ ಇದ್ದೇ ಇರುತ್ತಿತ್ತು. "ಮೊದಲು ಮೆಟ್ಟಿಲು. ಮೆಟ್ಟಿಲು ಅಂದ್ರೆ ಕಟ್ಟಡದ ಬೆನ್ನುಮೂಳೆ. ಆಮೇಲೆ ಪಂಪು, ಅದು ಅದುರುತ್ತೆ. ಕೊನೆಗೆ ಛಾವಣಿ."

ಮೇಸ್ತ್ರಿಗಳು ಬಂದರು. ಎರಡು ಕಡೆಯೂ ಮೆಟ್ಟಿಲು ಹೊಸದಾಯಿತು. ಪಂಪು ಬದಲಾಯಿತು. ನಲ್ಲಿ ತಿರುಗಿಸಿದರೆ ಮೂರನೆಯ ಮಹಡಿಯಲ್ಲೂ ನೀರು ಬಂತು. ಛಾವಣಿಗೆ ಮರಳು, ಸಿಮೆಂಟು ಏರಿತು. ಇಷ್ಟೂ ದಿನ ಇನ್ಶಿರಾ ಮತ್ತು ದವ್ಲತ್ ಮಾತಾಡಿರಲಿಲ್ಲ. ಮೊದಮೊದಲು ಮಾತಿಲ್ಲದೆಯೇ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದವರು ಮೇಸ್ತ್ರಿಗಳು ಬಂದಾಗಿನಿಂದ ಅದನ್ನೂ ಬಿಟ್ಟಿದ್ದರು. ಅವಳ ಹಗ್ಗ ನನಗೆ ಬೇಡ ಎಂದು ಇವಳು, ಅವಳ ರಾಟೆ ನನಗೆ ಬೇಡ ಎಂದು ಅವರು, ಇಬ್ಬರೂ ಬಟ್ಟೆಯನ್ನು ತಮ್ಮ ತಮ್ಮ ಛಾವಣಿಗೆ ಹೊತ್ತುಕೊಂಡು ಹೋಗುತ್ತಿದ್ದರು. ನಡುವಿನ ಹಗ್ಗ ಬರಿದಾಗಿ ಗಾಳಿಗೆ ತೂಗುತ್ತಿತ್ತು. ಕೆಂಪು ಕ್ಲಿಪ್ ಇದ್ದ ಸಾಲಿನಲ್ಲೇ ಇತ್ತು. ಇವತ್ತೂ ಅಲ್ಲೇ, ನಾಳೆಯೂ ಅಲ್ಲೇ. ರಾವಿಯಾ ಇಟ್ಟ ಚುಕ್ಕೆಗಳು ಮೇಜಿನ ಹಾಗೆ ಮಟ್ಟಸವಾಗಿ ಸಾಗಿದವು.

"ಓರೆ ಸೊನ್ನೆ," ಎಂದು ಬಸ್ಯೂನಿ ಕಾಫಿ ಅಂಗಡಿಯಲ್ಲಿ ಘೋಷಿಸಿದ. "ನಿಂತಿದೆ."

ಗಾಬಿರ್ ಅವನಿಗೆ ಕಾಫಿ ಮಾತ್ರವಲ್ಲ, ಹುಕ್ಕಾವನ್ನೂ ಸುಮ್ಮನೆ ಕೊಟ್ಟ. ದಾರಿಯಲ್ಲಿ ಹೋಗುವವರು ಎದೆಗೆ ಕೈ ಇಟ್ಟು ನಮಸ್ಕರಿಸಿದರು. ಬೀಳುವ ಕಟ್ಟಡವನ್ನು ನಿಲ್ಲಿಸಿದವನು ಎಂದು ಪಕ್ಕದ ಓಣಿಯವರು ತಮ್ಮ ಕಟ್ಟಡವನ್ನೂ ಒಮ್ಮೆ ನೋಡಿಹೋಗಲು ಕೇಳಿದರು. ಶಫೀಕ್ ಫ್ರಿಜ್ಜು ವಾಪಸು ತಂದ. ಸೋಫಾ ಅವನ ಹೆಂಡತಿಗೆ ಇಷ್ಟವಾಗಿತ್ತು.

ತೊಂದರೆ ಬಂದದ್ದು ಹಾಜಿ ಮಿತ್ವಲ್ಲಿಯಿಂದ. ನಿಂತಿದೆ ಎನ್ನುವ ಮಾತು ಕಿವಿಗೆ ಬಿದ್ದ ಸಂಜೆಯೇ ಅವನು ಮೇಸ್ತ್ರಿಗಳನ್ನು ಕೆಳಗಿಳಿಸಿದ. "ನಿಂತಿತಲ್ಲ, ಇನ್ಯಾಕೆ ಖರ್ಚು? ಚಳಿಗಾಲದ ಮಳೆಗೆ ಇನ್ನೂ ಬೇಕಾದಷ್ಟು ದಿನ ಇದೆ. ರಿಫಾತ್ ಬೇನ ಕರ್ಕೊಂಡು ಬಂದು ಮುಗೀತು ಅಂತ ಬರೆಸ್ಕೋತೀನಿ." ಎರಡು ಛಾವಣಿಗಳೂ ಅರ್ಧ ಅಗೆದು, ಅರ್ಧ ಬಿಟ್ಟು, ಮರಳಿನ ರಾಶಿ ಹೊತ್ತು ಹಾಗೇ ಉಳಿದವು.

ಅಷ್ಟರಲ್ಲಿ ವಸಂತದ ಹಬ್ಬ ಬಂತು. ಚಳಿಗಾಲದ ರಜಾಯಿ, ಕಂಬಳಿಗಳನ್ನೆಲ್ಲ ಒಗೆದು ಎತ್ತಿಡುವ ಕಾಲ. ಛಾವಣಿಯಲ್ಲಿ ಕಾಲಿಡಲು ಜಾಗವಿಲ್ಲ. ದವ್ಲತ್ ಮನೆಯಲ್ಲಿ ಹಬ್ಬದ ಉಪ್ಪುಮೀನಿನ ಡಬ್ಬಿ ಬಿಚ್ಚಿದ್ದರು, ವಾಸನೆ ಓಣಿ ದಾಟಿ ಇನ್ಶಿರಾ ಅಡುಗೆಮನೆಗೆ ಬಂತು. ಇಷ್ಟು ವರ್ಷದಲ್ಲಿ ಆ ಮೀನನ್ನು ಅವರಿಬ್ಬರೂ ಬೇರೆ ಬೇರೆ ಕೂತು ತಿಂದದ್ದಿಲ್ಲ. ಇನ್ಶಿರಾ ಕಿಟಕಿ ತೆರೆದಳು.

"ದವ್ಲತ್ ಅಕ್ಕಾ, ಈ ಸಲ ಮೀನು ಚೆನ್ನಾಗಿ ಹದ ಬಂದಿದೆ ಅನ್ಸುತ್ತೆ."

ಎದುರು ಕಿಟಕಿಯೂ ತೆರೆಯಿತು. ಆಮೇಲೆ, "ಬಂದು ತಿಂದು ನೋಡು. ಈರುಳ್ಳಿ ನೀನು ತಗೊಂಡ್ ಬಾ."

ಮೀನು ತಿಂದು, ಒಂದಿಷ್ಟು ಅತ್ತು, ಯಾರ ಮನೆಯೂ ವಾಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ಮರುದಿನ ಬೆಳಗಾಗುತ್ತಲೇ ಎರಡು ಮನೆಯ ರಜಾಯಿ, ಕಂಬಳಿ, ಬಾಣಂತಿಯ ಹಾಸಿಗೆ ಹೊದಿಕೆ ಎಲ್ಲ ನೆನೆದು ನೀರು ತೊಟ್ಟಿಕ್ಕುತ್ತಾ ಹಗ್ಗವೇರಿದವು.

ಬಸ್ಯೂನಿ ಆ ದಿನ ಸ್ವಲ್ಪ ತಡವಾಗಿ ಎದ್ದ. ಚಹಾ ಲೋಟ ಹಿಡಿದು ಕಿಟಕಿಗೆ ಬಂದು, ವಾಡಿಕೆಯಂತೆ ಕಣ್ಣು ಕಿರಿದು ಮಾಡಿ ಎದುರಿನ ಇಟ್ಟಿಗೆ ನೋಡಿದ. ಕೆಂಪು ಕ್ಲಿಪ್ ಇರಲಿಲ್ಲ. ಕೆಳಗೆ ನೋಡಿದ. ಎರಡನೆಯ ಮಹಡಿಯ ಕಿಟಕಿ ದಾಟಿ, ಗಾಬಿರನ ನೆರಳುಬಟ್ಟೆಯ ಮೇಲೆ ಅದು ತೂಗಾಡುತ್ತಿತ್ತು. ಅಕ್ಕಪಕ್ಕದ ಒದ್ದೆ ರಜಾಯಿಗಳು ಅವನಿಗೆ ಕಾಣಲೇ ಇಲ್ಲ, ಕಣ್ಣಮುಂದೆ ಗೆರೆ ಬಂತು. ನೆಟ್ಟಗೆ, ಹಾಳೆಯ ಅಂಚಿನಿಂದಾಚೆಗೆ ಧುಮುಕುವ ಗೆರೆ.

"ಎಲ್ಲರೂ ಹೊರಗೆ ಬನ್ನಿ," ಎಂದು ಅವನು ಕೂಗಿದ ಕೂಗಿಗೆ ಲೋಟ ಎಲ್ಲಿ ಬಿತ್ತೋ ತಿಳಿಯಲಿಲ್ಲ. "ಮಧ್ಯಾಹ್ನದ ನಮಾಜಿನೊಳಗೆ ಬೀಳುತ್ತೆ."

ಹೊಸ ಮೆಟ್ಟಿಲುಗಳ ಮೇಲೆ ಎರಡೂ ಕಟ್ಟಡ ಇಳಿದು ಬಂತು. ದವ್ಲತ್ ಮೊಮ್ಮಗುವನ್ನು ಎತ್ತಿಕೊಂಡು ಬಂದರು, ಬಾಣಂತಿ ಮೀನಿನ ಡಬ್ಬಿ ಎತ್ತಿಕೊಂಡು ಬಂದಳು. ಗಾಬಿರ್ ಎರಡು ಕಂಕುಳಲ್ಲೂ ಹುಕ್ಕಾ ಇರುಕಿಕೊಂಡಿದ್ದ. ಓಣಿಯ ಬಾಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಹಾಜಿ ಮಿತ್ವಲ್ಲಿ ಕಾಣಿಸಿಕೊಂಡ. ಮುಗಿಯಿತು ಎಂದು ಬರೆಸಲು ರಿಫಾತ್ ಬೇಯನ್ನು ಒಂದು ಕೈಯಲ್ಲಿ, ಕೂಲಿ ಕೇಳುತ್ತಾ ಬೆನ್ನುಹತ್ತಿದ್ದ ಮೇಸ್ತ್ರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕರೆತರುತ್ತಿದ್ದ.

"ಏನಾಯ್ತು?" ಅಂದ.

"ಓರೆ," ಎಂದು ಬಸ್ಯೂನಿ ಮೇಲಕ್ಕೆ ಬೆರಳು ತೋರಿಸಿದ. "ಒಂದೇ ಬೆಳಿಗ್ಗೆಗೆ ಇಷ್ಟು ಇಳಿದಿದೆ."

ಹಾಜಿ ಕುತ್ತಿಗೆ ಎತ್ತಿ ನೋಡಲು ಎರಡು ಹೆಜ್ಜೆ ಮುಂದೆ ಬಂದ. ಎಲ್ಲರೂ ನೋಡಿದರು. ಕಟ್ಟಡಗಳು ಅಜ್ಜನ ಕಾಲದಿಂದ ಎಷ್ಟು ಸೊಟ್ಟಗಿದ್ದವೋ ಅಷ್ಟೇ ಸೊಟ್ಟಗೆ, ಯಾವ ಆತುರವೂ ಇಲ್ಲದೆ ನಿಂತಿದ್ದವು. ಆಗ ಮೇಲೆಲ್ಲೋ "ಟಪ್" ಎಂದಿತು. ಹಗ್ಗ ತುಂಡಾಯಿತು. ಚಳಿಗಾಲವಿಡೀ ಎರಡು ಸಂಸಾರ ಹೊದ್ದ ರಜಾಯಿಗಳು ಒಂದರ ಹಿಂದೊಂದು ಇಳಿದು ಬಂದವು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನಾದದ್ದು ಹಾಜಿ ಮಿತ್ವಲ್ಲಿಯನ್ನು ಪೂರ್ತಿಯಾಗಿ ಮುಚ್ಚಿ ನೆಲಕ್ಕೆ ಕೂರಿಸಿತು.

ತುಂಡಾದ ಹಗ್ಗದ ತುದಿ ರಾವಿಯಾಳ ಕಾಲ ಬಳಿ ಬಿದ್ದಿತ್ತು. ಅವಳು ಎತ್ತಿಕೊಂಡು ಎರಡು ಕೈಯಿಂದ ಜಗ್ಗಿದಳು. ಅದು ರಬ್ಬರಿನ ಹಾಗೆ ಹಿಗ್ಗಿತು, ವಾಪಸು ಬರಲಿಲ್ಲ.

"ಬಾಬಾ," ಅಂದಳು. "ಮನೆ ಹತ್ತಿರ ಬಂದಿದ್ದಲ್ಲ. ಹಗ್ಗ ಉದ್ದ ಆಗಿದ್ದು. ಬಟ್ಟೆ ಹಾಕಿದಾಗ ಇಳೀತು, ಹಾಕದೇ ಇದ್ದಾಗ ನಿಂತಿತು. ನಾವು ಅಳೆದಿದ್ದು ಹಗ್ಗದ ಓರೆ."

ಬಸ್ಯೂನಿ ಹಗ್ಗ ನೋಡಿದ, ಕಟ್ಟಡ ನೋಡಿದ. ಗೆರೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಯಾರ ವಿಷಯ ಹೇಳುತ್ತಿದ್ದೀಯ ಎಂದು ಅವನೇ ಅದನ್ನು ಕೇಳಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಜನ ಒಬ್ಬೊಬ್ಬರಾಗಿ ಅವನ ಕಡೆ ತಿರುಗುತ್ತಿದ್ದರು. ಗಾಬಿರ್ ಹುಕ್ಕಾಗಳನ್ನು ಕೆಳಗಿಟ್ಟು ಅಂಗಿಯ ತೋಳು ಮಡಚುವುದಕ್ಕೆ ಶುರುಮಾಡಿದ್ದ.

ದವ್ಲತ್ ಮುಂದೆ ಬಂದು ರಾವಿಯಾಳ ಬಾಯಿಗೆ ಮೆಲ್ಲಗೆ ಕೈ ಅಡ್ಡ ಹಿಡಿದರು. ಒದ್ದೆ ರಜಾಯಿಯ ಕಡೆ ಕಣ್ಣು ತೋರಿಸಿದರು. ಅದರೊಳಗೆ ಹಾಜಿ ದಾರಿ ಹುಡುಕುತ್ತಾ ಅತ್ತಿತ್ತ ಗುದ್ದುತ್ತಿದ್ದ.

"ಸ್ವಲ್ಪ ಮೆತ್ತಗೆ ಮಾತಾಡೇ ಹುಡುಗಿ," ಅಂದರು. "ಛಾವಣಿ ಇನ್ನೂ ಬಾಕಿ ಇದೆ."

ಈ ಮಾತು ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪಿಸುಗುಟ್ಟುತ್ತಾ ಹೋಯಿತು. ಗಾಬಿರ್ ಮಡಚಿದ ತೋಳನ್ನು ಇಳಿಸಿಕೊಂಡ. ಇನ್ಶಿರಾ ಹಗ್ಗದ ತುಂಡನ್ನು ಮಗಳ ಕೈಯಿಂದ ಕಿತ್ತು ತನ್ನ ಹೊದಿಕೆಯೊಳಗೆ ತುರುಕಿಕೊಂಡಳು. ಎಲ್ಲರೂ ಈಗ ನೋಡಿದ್ದು ರಿಫಾತ್ ಬೇ ಮುಖವನ್ನು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹಿಂದೆ ತರಚಿದ್ದ ಮಂಡಿ ಸವರಿಕೊಂಡು, ಬಸ್ಯೂನಿಯ ಕಿವಿಯ ಹತ್ತಿರ ಬಗ್ಗಿದರು.

"ಛಾವಣಿ ಎಷ್ಟು ದಿನದ ಕೆಲಸ?"

"ಮೇಸ್ತ್ರಿ ಮನಸ್ಸು ಮಾಡಿದ್ರೆ ಎರಡು ವಾರ," ಎಂದು ಬಸ್ಯೂನಿ ಪಿಸುಗುಟ್ಟಿದ.

"ಹಾಗಾದ್ರೆ ಇನ್ನೆರಡು ವಾರ ಗಮನದಲ್ಲಿರಲಿ," ಎಂದು ಇಂಜಿನಿಯರ್ ನೆಟ್ಟಗಾಗಿ ಗಂಟಲು ಸರಿಮಾಡಿಕೊಂಡರು.

ನಾಲ್ಕು ಜನ ಸೇರಿ ರಜಾಯಿ ಎತ್ತಿದರು. ಹಾಜಿ ಮಿತ್ವಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಗಡ್ಡದಿಂದ ನೀರು ಇಳಿಯುತ್ತಿತ್ತು.

"ಬಿತ್ತಾ?" ಎಂದು ಕಣ್ಣು ಬಿಡದೆ ಕೇಳಿದ.

ಬಸ್ಯೂನಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಇನ್ನೂ ಇಲ್ಲ ಹಾಜಿ."

ಹಾಜಿ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಎದ್ದು ನಿಂತು, ಟೋಪಿ ಹಿಂಡಿ ತಲೆಗಿಟ್ಟುಕೊಂಡು, ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ ಮೇಸ್ತ್ರಿಯ ಬೆನ್ನಿಗೆ ಗುದ್ದಿದ.

"ಏನು ನೋಡ್ತಾ ನಿಂತಿದ್ದೀಯ? ಹತ್ತು ಮೇಲೆ."